ತಾಳಕ್ಕೆ ಸುತ್ತಿದ ಕಂಡಿಕೆ

ಸಿಂಚನಾ, ಚೇತು, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಸಿಂಚನಾ ಮುಂದಿನ ತಿಂಗಳಿಂದ ರೇಷ್ಮೆ ನೇಯ್ಗೆಯ ಕೆಲಸಕ್ಕೆ ಸೇರುತ್ತಾಳೆ. ಕಾಲೇಜಿನಲ್ಲಿ ಅದನ್ನೇ ಓದಿದ್ದಾಳೆ, ಕಂಪ್ಯೂಟರಿನಲ್ಲಿ ಸೀರೆಯ ಅಂಚು ಬರೆಯುತ್ತಾಳೆ. ಹೋದ ಭಾನುವಾರ ಬಂದವಳು, "ಅಜ್ಜಿ, ನೀವು ಮಗ್ಗದಲ್ಲಿ ಏನೇನು ಮಾಡ್ತಿದ್ರಿ ಹೇಳಿ, ರೆಕಾರ್ಡ್ ಮಾಡ್ಕೋತೀನಿ" ಎಂದು ಫೋನನ್ನು ನನ್ನ ಮುಂದಿಟ್ಟಳು. ಫೋನು ನೋಡಿದ ಕೂಡಲೇ ನನ್ನ ಬಾಯಿ ಕಟ್ಟಿಹೋಯಿತು. ನಾಲ್ಕು ಜನರ ಮುಂದೆ ಮಾತಾಡುವುದು ನನ್ನಿಂದ ಯಾವತ್ತೂ ಆಗಿಲ್ಲ. ಹನೂರು ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಈಗಲೂ ಅದೇ ದಾರಿ ಹಿಡಿದಿದ್ದೇನೆ.

ಮಗ್ಗದ ವಿಷಯವನ್ನಷ್ಟೇ ಬರೆಯಬೇಕೆಂದು ಕೂತೆ. ಎರಡು ಸಲ ಬರೆದು ಹರಿದು ಹಾಕಿದೆ. ಯಾವ ಕಡೆಯಿಂದ ಶುರುಮಾಡಿದರೂ ನಿಮ್ಮ ಮುತ್ತಜ್ಜಿ ಚಿನ್ನಮ್ಮ, ಅಂದರೆ ನಮ್ಮವ್ವ, ನಡುವೆ ಬಂದು ಕೂರುತ್ತಾಳೆ. ಬದುಕಿದ್ದಾಗಲೂ ಹಾಗೆಯೇ ಮಾಡಿದಳು. ನನ್ನ ಕೆಲಸದ ಅರ್ಧ ಅವಳ ಸಂಗೀತಕ್ಕೆ ಹೋಯಿತು. ಆದ್ದರಿಂದ ಅವಳನ್ನೂ ಸೇರಿಸಿಯೇ ಬರೆಯುತ್ತೇನೆ, ವಿಧಿಯಿಲ್ಲ.

ನಿಮ್ಮ ತಾತ ಹೋದ ಮೇಲೆ ನಾನು ಮಗ್ಗಕ್ಕೆ ಕೂತೆ. ಕೊಳ್ಳೇಗಾಲದ ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿ ಮಗ್ಗವಿತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಮನೆ ನಮ್ಮದು, ಮಗ್ಗ ಶೆಟ್ಟರದು. ರೇಷ್ಮೆ, ಜರಿ ಎಲ್ಲ ಅವರೇ ಕೊಡುತ್ತಿದ್ದರು. ನೇಯ್ದು ಅವರಿಗೇ ಒಪ್ಪಿಸಬೇಕು. ಆಗ ನಮ್ಮ ಬೀದಿಯಲ್ಲಿ ಗಂಡಸರು ನೇಯುತ್ತಿದ್ದರು, ಹೆಂಗಸರು ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಇಡುವ ಚಿಕ್ಕ ಕಡ್ಡಿಗೆ ರಾಟೆಯಿಂದ ಹೊಕ್ಕಿನ ನೂಲು ಸುತ್ತಿದರೆ ಅದೇ ಕಂಡಿಕೆ. ನಾನೂ ಮದುವೆಯಾದಾಗಿನಿಂದ ಅದನ್ನೇ ಸುತ್ತಿಕೊಂಡಿದ್ದವಳು. ತಿಥಿ ಮುಗಿದ ಮೇಲೆ ಶೆಟ್ಟರು ಮಗ್ಗ ಬಿಚ್ಚಿಸಿಕೊಂಡು ಹೋಗಲು ಬಂದರು. ನಾನು ಒಳಗಿನಿಂದಲೇ, "ಬಿಚ್ಬೇಡಿ ಸಾ, ನಾನೇ ನೇಯ್ತೀನಿ" ಎಂದೆ. ಅವರು ಬಾಗಿಲ ಕಡೆ ತಿರುಗಿ, "ಯಾರವ್ವ ಮಾತಾಡಿದ್ದು? ಇಷ್ಟ್ ವರ್ಸದಲ್ಲಿ ನಿನ್ ಗಂಟ್ಲು ಇವತ್ತೇ ನಾನ್ ಕೇಳಿದ್ದು" ಎಂದರು. ಒಂದು ಸೀರೆ ನೋಡೋಣ ಎಂದು ಮಗ್ಗ ಬಿಟ್ಟು ಹೋದರು.

ಸಿಂಚನಾ, ಶೆಟ್ಟರು ಸೀರೆ ನೋಡುತ್ತಿದ್ದ ಬಗೆಯನ್ನು ನೀನು ತಿಳಿದಿರಬೇಕು. ಮೇಲಿನ ಬೆಳಕಿನಲ್ಲಿ ಅವರು ನೋಡುತ್ತಿರಲಿಲ್ಲ. ಬಾಗಿಲ ಪಕ್ಕ ಅಡ್ಡಬೆಳಕಿಗೆ ಹಿಡಿದು, ಹೆಬ್ಬೆರಳನ್ನು ಸೀರೆಯ ಮೈಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಕಣ್ಣಿಗೆ ಕಾಣದ ತಪ್ಪು ಆ ಬೆರಳಿಗೆ ಸಿಗುತ್ತಿತ್ತು. ಮೂಗಿಗೂ ಸಿಗುತ್ತಿತ್ತು. ಮೊದಮೊದಲು ತಲೆಗೆ ಎಣ್ಣೆ ಹಚ್ಚಿಕೊಂಡು ನೇಯಲು ಕೂತು, ಕೆನೆಬಣ್ಣದ ಸೀರೆಗೆ ಹಣೆ ತಾಗಿಸಿಬಿಟ್ಟಿದ್ದೆ. ಶೆಟ್ಟರು ಮೂಸಿ ನೋಡಿ, "ಕೊಬ್ರಿ ಎಣ್ಣೆ. ಮದುವೆ ಸೀರೆನ ಅಡುಗೆಮನೆಲಿ ನೇಯ್ದ್ಯಾ?" ಎಂದರು. ಅವತ್ತಿನಿಂದ ನೇಯುವ ದಿನ ಎಣ್ಣೆ ಮುಟ್ಟಲಿಲ್ಲ. ಬಳೆ ಹೇಗೂ ಇರಲಿಲ್ಲ. ನೀನು ಬಳೆ ತೆಗೆದಿಟ್ಟು ಕೂರು, ಎಳೆ ಸಿಕ್ಕಿಕೊಳ್ಳುತ್ತದೆ.

ಕಂಡಿಕೆ ಸುತ್ತಲು ಒಬ್ಬರು ಬೇಕಾಯಿತು. ನಮ್ಮಪ್ಪ ತೀರಿಕೊಂಡು ಅವ್ವ ಹನೂರು ಕಡೆಯ ಹಳ್ಳಿಯಲ್ಲಿ ಒಬ್ಬಳೇ ಇದ್ದಳು. ಕರೆದೆ. ಬಸ್ಸಿನಿಂದ ಇಳಿದಾಗ ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದು ಕಂಕುಳಲ್ಲಿ ಮಗುವಿನ ಹಾಗೆ ಟವೆಲು ಸುತ್ತಿದ ರೇಡಿಯೋ.

ಅವ್ವನ ತವರು ಯಳಂದೂರು. ಅವಳ ಮನೆಯ ಹಿತ್ತಲಿಗೆ ಅಂಟಿಕೊಂಡು ಒಬ್ಬ ಪಾಠ ಹೇಳುವ ವಿದ್ವಾಂಸರ ಮನೆಯಿತ್ತಂತೆ. ಅವರು ಹೇಳಿಕೊಡುವುದು, ಹುಡುಗಿಯರು ತಪ್ಪುವುದು, ಅವರು ಬೈಯುವುದು, ಎಲ್ಲವೂ ಗೋಡೆಯ ಈಚೆ ಕೇಳುತ್ತಿತ್ತು. ಅವ್ವ ಎಂಟು ಹತ್ತು ವರ್ಷದ ಹುಡುಗಿ, ಹಿತ್ತಲಲ್ಲಿ ಕೂತು ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ಅವಳಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಆದರೆ ರಾಗ ಎತ್ತಿದ ಕೂಡಲೇ ಅದರ ಹೆಸರು ಹೇಳುತ್ತಿದ್ದಳು. ಹಾಡಿದ್ದನ್ನು ನಾನೊಂದು ದಿನವೂ ಕೇಳಿಲ್ಲ. "ಕೇಳೋದೇ ಒಂದ್ ಕೆಲ್ಸ" ಎನ್ನುತ್ತಿದ್ದಳು.

ಆ ಕೆಲಸವನ್ನು ನನಗೂ ಹಚ್ಚಲು ನೋಡಿದಳು. ಬಂದ ಮಾರನೆಯ ದಿನವೇ ಬೆಳಗಿನ ಸಂಗೀತಕ್ಕೆ ರೇಡಿಯೋ ತಿರುಗಿಸಿ, "ರತ್ನಿ, ಇದು ತೋಡಿ. ಕೇಳುಸ್ಕೋ" ಎಂದಳು. ನಾನು ಲಾಳಿ ಎಸೆಯುತ್ತಿದ್ದೆ. ಮಗ್ಗದ ಸದ್ದಿನಲ್ಲಿ ತೋಡಿಯೂ ಒಂದೇ, ತರಕಾರಿ ಗಾಡಿಯೂ ಒಂದೇ.

"ಮಗ್ಗ ನಿಲ್ಸು."

"ನಿಲ್ಸುದ್ರೆ ಕೆಲ್ಸ ಕೆಡ್ತದೆ ಕಣವ್ವ."

"ನಿನ್ ಕೆಲ್ಸ ಎಲ್ಗೂ ಓಡೋಗಲ್ಲ. ಅವ್ನು ಆಡೋದು ಓಯ್ತದೆ."

ದಿನಾ ಬೆಳಿಗ್ಗೆ ಇದೇ ಜಗಳ. ಬೆಳಗಿನ ಹೊತ್ತು ನೇಯ್ಗೆಗೆ ಚಿನ್ನದಂಥ ಹೊತ್ತು. ಬಿಸಿಲೇರುವ ಮೊದಲು ಗಾಳಿಯಲ್ಲಿ ತೇವವಿರುತ್ತದೆ, ಎಳೆ ಕಡಿಯುವುದಿಲ್ಲ, ಕೈ ದಣಿದಿರುವುದಿಲ್ಲ. ಆ ಹೊತ್ತಿಗೇ ಸಂಗೀತ ಹಾಕಬೇಕೆಂದು ರೇಡಿಯೋದವರಿಗೆ ಯಾರು ಹೇಳಿದರೋ ಕಾಣೆ. ಕೊನೆಗೆ ಒಂದು ರಾಜಿಗೆ ಬಂದೆವು. ಮೃದಂಗವಿಲ್ಲದೆ ನಿಧಾನವಾಗಿ ರಾಗ ಬಿಡಿಸುತ್ತಾರಲ್ಲ, ಆ ಆಲಾಪನೆಯ ಹೊತ್ತಿನಲ್ಲಿ ನಾನು ಕಡಿದ ಎಳೆ ಕಟ್ಟುವುದು, ಜರಿ ಬಿಡಿಸುವುದು, ಇಂಥ ಸದ್ದಿಲ್ಲದ ಕೆಲಸ ಮಾಡಬೇಕು. ಹಾಡು ಶುರುವಾದ ಮೇಲೆ ನೇಯಬಹುದು. ಒಳ್ಳೆಯ ವಿದ್ವಾಂಸರಾದರೆ ಆಲಾಪನೆಯನ್ನು ಎಳೆಯುತ್ತಾರೆ. ಹಾಗಾಗಿ ದೊಡ್ಡವರು ಹಾಡಿದ ದಿನ ನನ್ನ ಸೀರೆ ಚಿಕ್ಕದಾಗುತ್ತಿತ್ತು.

ಒಮ್ಮೆ ಅಂಚಿನಲ್ಲಿ ಹಂಸಗಳ ಸಾಲಿದ್ದ ಸೀರೆ ಬಂತು. ಜಕಾರ್ಡಿನ ರಟ್ಟುಗಳನ್ನು ಸರಣಿಯಾಗಿ ದಾರದಲ್ಲಿ ಪೋಣಿಸಬೇಕು, ಅವುಗಳಲ್ಲಿರುವ ತೂತಿನ ಪ್ರಕಾರ ಚಿತ್ರ ಮೂಡುತ್ತದೆ. ನಾನು ಪೋಣಿಸುತ್ತಿದ್ದಾಗ ಅವ್ವ ಅಡುಗೆಮನೆಯಿಂದ, "ಬೇಗ ಬಾರೇ, ಬಾ, ಈ ಜಾಗ ತಿರ್ಗ ಬರಲ್ಲ" ಎಂದು ಕೂಗಿದಳು. ಹಾಲು ಉಕ್ಕಿತೋ ಏನೋ ಎಂದು ಓಡಿದೆ. ಹಾಲಲ್ಲ, ಪಿಟೀಲು. ಬೈದುಕೊಂಡು ವಾಪಸು ಬಂದು, ಉಳಿದ ರಟ್ಟುಗಳ ಕಂತೆಯನ್ನು ಹಿಂದುಮುಂದಾಗಿ ಎತ್ತಿಕೊಂಡು ಪೋಣಿಸಿದೆ. ಕುಣಿ ಮಗ್ಗದಲ್ಲಿ ನೇಯ್ದದ್ದು ದಿಂಡಿಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಹಿಂದಕ್ಕೆ ನೋಡುವುದು ಅಪರೂಪ. ಶೆಟ್ಟರು ಸೀರೆ ಬಿಡಿಸಿದರು. ಒಂದು ಮೊಳ ಹಂಸಗಳು ಸರಿಯಾಗಿ ನಡೆದು, ಆಮೇಲೆ ಎಲ್ಲವೂ ತಲೆಕೆಳಗಾಗಿದ್ದವು.

"ರತ್ನಮ್ಮ, ನಾನ್ ಕೊಟ್ಟಿದ್ದು ಅಂಸ. ಇವು ಬಾವಲಿ" ಎಂದರು.

ಮನೆಗೆ ಬಂದು ಅವ್ವನಿಗೆ ಹೇಳಿದರೆ, "ಆ ಪಿಟೀಲ್ ಕೇಳಿದ್ರೆ ನಿಮ್ ಶೆಟ್ರೂ ತಲೆಕೆಳ್ಗಾಗೋರು" ಎಂದು ರಾಟೆ ತಿರುಗಿಸಿದಳು.

ಇವೆಲ್ಲ ಚಿಲ್ಲರೆ ತಪ್ಪುಗಳು. ಮಗ್ಗವೇ ಕೈಬಿಟ್ಟು ಹೋಗುವ ಹಾಗಾದದ್ದು ಹನೂರಿನ ಒಂದು ಮದುವೆ ಮನೆಯ ಸೀರೆಯಿಂದ. ಗಿಳಿಹಸಿರು ಮೈ, ಹೂವಿಲ್ಲ, ಬುಟ್ಟಾ ಇಲ್ಲ, ಬರೀ ಒಂದೇ ಬಣ್ಣ. ನೋಡಲು ಸುಲಭವೆನಿಸುವ ಇಂಥ ಸೀರೆಗೇ ಹೆದರಬೇಕು ಸಿಂಚನಾ. ಹೂವಿದ್ದರೆ ತಪ್ಪು ಹೂವಿನಲ್ಲಿ ಅಡಗುತ್ತದೆ, ಬೋಳು ಮೈಯಲ್ಲಿ ಎಲ್ಲಿ ಅಡಗೀತು? ಶೆಟ್ಟರು ಅಡ್ಡಬೆಳಕಿಗೆ ಹಿಡಿದರು. ಹೆಬ್ಬೆರಳು ಸ್ವಲ್ಪ ದೂರ ಹೋಗಿ ನಿಂತಿತು, ಮತ್ತೆ ಹೋಯಿತು, ಮತ್ತೆ ನಿಂತಿತು.

"ಬಾ ಇಲ್ಲಿ. ನೀನೇ ನೋಡು."

ನೋಡಿದೆ. ಸೀರೆಯ ಮೈಯಲ್ಲಿ ಕೆರೆಯ ಅಲೆಗಳ ಹಾಗೆ ಅಡ್ಡಪಟ್ಟೆಗಳು. ಸ್ವಲ್ಪ ದೂರ ಹೊಳಪು ಹೆಚ್ಚು, ಸ್ವಲ್ಪ ದೂರ ಕಡಿಮೆ. ಬಣ್ಣ ಒಂದೇ, ನೂಲು ಒಂದೇ.

"ಇದು ಮೊದಲ್ನೇದಲ್ಲ. ಎರಡ್ ಮೂರು ಸೀರೆಲಿ ಕಂಡು ಸುಮ್ನಿದ್ದೆ. ಇನ್ನೊಂದು ಇಂಗೆ ಬಂದ್ರೆ ಮಗ್ಗ ಬೇರೆಯೋರ ಮನೆಗೆ ಓಯ್ತದೆ. ನಾನ್ ಒಳ್ಳೆ ಮಾತಲ್ಲೇ ಏಳ್ತಾ ಇವ್ನಿ" ಎಂದರು. ಅವರು ಕೂಗಾಡುವವರಲ್ಲ. ಅದಕ್ಕೇ ಹೆದರಿಕೆಯಾಯಿತು. ಆಗ ನಿಮ್ಮಪ್ಪ ಇನ್ನೂ ಹೈಸ್ಕೂಲಿನಲ್ಲಿದ್ದ. ಮಗ್ಗ ಬಿಟ್ಟರೆ ನಮಗೆ ಬೇರೆ ದಾರಿಯಿರಲಿಲ್ಲ.

ಎಳೆಯನ್ನು ಬಡಿದು ಕೂರಿಸುವ ಹಣಿಗೆ ನೋಡಿದೆ, ಸರಿಯಿತ್ತು. ನನ್ನ ಕೈಯ ಬಡಿತ ಹೆಚ್ಚುಕಡಿಮೆಯಾಗುತ್ತಿದೆಯೇನೋ ಎಂದು ಒಂದೊಂದು ಎಳೆಯನ್ನೂ ಲೆಕ್ಕವಿಟ್ಟು ಬಡಿದೆ. ತೇವವೆಂದು ಬಾಗಿಲು ಹಾಕಿದೆ, ಬೇಗೆಯೆಂದು ತೆರೆದೆ. ಮತ್ತೆ ಪಟ್ಟೆ ಬಂತು. ತಲೆ ಕೆಟ್ಟುಹೋಗಿ ಒಂದು ಬೆಳಿಗ್ಗೆ ಲಾಳಿ ಕೆಳಗಿಟ್ಟು ಸುಮ್ಮನೆ ಕೂತೆ. ಎದುರಿಗೆ ಅವ್ವ ರಾಟೆ ತಿರುಗಿಸುತ್ತಿದ್ದಳು. ರೇಡಿಯೋದಲ್ಲಿ ಯಾರೋ ನಿಧಾನವಾಗಿ ರಾಗ ಬಿಡಿಸುತ್ತಿದ್ದರು. ಅವ್ವನ ರಾಟೆಯೂ ನಿಧಾನ, ನೂಲು ಹಿಡಿದ ಬೆರಳು ಸಡಿಲ. ಹಾಡು ಬಂತು, ರಾಟೆ ಒಂದು ಹದಕ್ಕೆ ಬಂತು. ಕೊನೆಯಲ್ಲಿ ಹಾಡು ನಿಂತು ಮೃದಂಗದವರೊಬ್ಬರೇ ಬಾರಿಸುವ ತನಿ ಶುರುವಾಯಿತು. ಅವ್ವನ ರಾಟೆ ಹುಚ್ಚು ಹಿಡಿದ ಹಾಗೆ ಓಡಿತು. ನೂಲು ಕೈ ಕೊಯ್ಯುವಷ್ಟು ಬಿಗಿ.

ಸಡಿಲ ಸುತ್ತಿದ ನೂಲು ನೇಯ್ದ ಮೇಲೆ ಇದ್ದ ಹಾಗೆ ಇರುತ್ತದೆ. ಬಿಗಿದು ಸುತ್ತಿದ ರೇಷ್ಮೆ ಎಳೆದುಕೊಂಡಿರುತ್ತದೆ, ಸೀರೆಯಲ್ಲಿ ಕೂತ ಮೇಲೆ ಮತ್ತೆ ಕುಗ್ಗುತ್ತದೆ. ಪಟ್ಟೆ ಬರುವುದು ಅಲ್ಲಿಂದ. ಹನೂರಿನ ಮದುವೆ ಹೆಣ್ಣಿನ ಸೀರೆಯಲ್ಲಿ ಕಚೇರಿಯೇ ನೇಯ್ದುಹೋಗಿತ್ತು.

"ಅವ್ವ, ನೀನು ತಾಳಕ್ಕೆ ಸರ್ಯಾಗಿ ರಾಟೆ ತಿರುಗ್ಸ್ತಾ ಇದ್ದೀಯ."

ಅವಳು ನಿಜವಾಗಿ ಆಶ್ಚರ್ಯಪಟ್ಟಳು. "ಇನ್ನೇನು ತಾಳ ತಪ್ಪಿ ತಿರುಗುಸ್ಲಾ?"

ರೇಡಿಯೋ ಆರಿಸಿ ಸುತ್ತು ಎಂದೆ. ಆರಿಸಿದಳು. ಒಳಗೊಳಗೇ ಅವಳ ಮನಸ್ಸಿನಲ್ಲಿ ಕಚೇರಿ ನಡೆಯಿತು, ಪಟ್ಟೆ ಬಂದೇ ಬಂತು. ಶೆಟ್ಟರು ಕರೆಂಟಿನಲ್ಲಿ ಕಂಡಿಕೆ ಸುತ್ತುವ ಮೋಟಾರು ಕಳಿಸಿದರು. ಅದು ಒಂದೇ ಹದದಲ್ಲಿ ಚೆನ್ನಾಗಿ ಸುತ್ತುತ್ತಿತ್ತು, ಕರೆಂಟು ಇದ್ದಾಗ. ಕರೆಂಟು ಹೋದಾಗಲೆಲ್ಲ ಅವ್ವ ಗೆದ್ದವಳ ಹಾಗೆ ರಾಟೆಯ ಮುಂದೆ ಕೂರುತ್ತಿದ್ದಳು. "ಎಲ್ಲ ರಾಗಕೂ ಒಂದೇ ಕಾಲ ಇಟ್ಕಂಡ್ ಓಯ್ತದೆ ನಿಮ್ ಮಿಸೀನು. ಅದ್ಕೆ ಕಿವಿ ಇಲ್ಲ, ನಿನ್ನಂಗೇ" ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಆ ಮೋಟಾರು ಸುಟ್ಟೂ ಹೋಯಿತು.

ಕಡೆಗೆ ಹೊಳೆದ ಉಪಾಯ ಇದು. ಇದನ್ನು ಯಾವ ಕಾಲೇಜಿನಲ್ಲಾದರೂ ಹೇಳಿಕೊಟ್ಟಿದ್ದರೆ ಸಂತೋಷ. ಅವ್ವನ ಹತ್ತಿರ ಎರಡು ಬುಟ್ಟಿ ಇಟ್ಟೆ. ಆಲಾಪನೆಯಲ್ಲಿ ಸುತ್ತಿದ ಕಂಡಿಕೆ ಒಂದರಲ್ಲಿ, ತನಿಯಲ್ಲಿ ಸುತ್ತಿದ್ದು ಇನ್ನೊಂದರಲ್ಲಿ. ನಾನು ಎರಡು ಲಾಳಿ ಹಿಡಿದು ಅದರದೊಂದು ಎಳೆ, ಇದರದೊಂದು ಎಳೆ ಬೆರೆಸಿ ನೇಯ್ದೆ. ಸಡಿಲವೂ ಬಿಗಿಯೂ ಮೈತುಂಬ ಹರಡಿ ಪಟ್ಟೆ ಕರಗಿತು. ಶೆಟ್ಟರ ಹೆಬ್ಬೆರಳು ಅಂಚಿನಿಂದ ಸೆರಗಿನವರೆಗೆ ನಿಲ್ಲದೆ ಹೋಯಿತು. ಆದರೆ ಲಾಳಿ ಬದಲಿಸುತ್ತಾ ನೇಯುವುದಕ್ಕೆ ಒಂದೂವರೆ ಪಟ್ಟು ಹೊತ್ತು ಬೇಕು. ತೋಳು ಬಿದ್ದುಹೋಗುತ್ತಿತ್ತು. ಅವ್ವನ ಸಂಗೀತದ ಭಾರವನ್ನು ನಾನು ಹೆಗಲಿನಲ್ಲಿ ಹೊತ್ತೆನೆಂದು ಬರೆದರೆ ಅದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಈಗಲೂ ಬಲಗೈ ತಲೆಯ ಮೇಲೆ ಏಳುವುದಿಲ್ಲ.

ಹೀಗೆ ವರ್ಷಗಳು ಹೋದವು. ನಿಮ್ಮಪ್ಪನಿಗೆ ಚಾಮರಾಜನಗರದಲ್ಲಿ ಕೆಲಸವಾಯಿತು, ಮದುವೆಯಾಯಿತು. ಪಕ್ಕದ ಮನೆಯವರು ಕುಣಿ ಮುಚ್ಚಿಸಿ ಪವರ್‌ಲೂಮು ಹಾಕಿಸಿದರು. ಅದು ಶುರುವಾದರೆ ನಮ್ಮ ಗೋಡೆಯ ಮೇಲಿನ ದೇವರ ಪಟಗಳೂ ಅದುರುತ್ತಿದ್ದವು. ಅವ್ವ ರೇಡಿಯೋವನ್ನು ಒಳಗೊಳಗೆ ಸರಿಸಿಕೊಂಡು ಹೋಗಿ, ಕೊನೆಗೆ ಹಿತ್ತಲ ಬಾಗಿಲಲ್ಲಿ ರಾಟೆ ಹಾಕಿಕೊಂಡಳು. ದನಿಯನ್ನು ಪೂರ್ತಿ ತಿರುಗಿಸಿ ಇಡುತ್ತಿದ್ದಳು. ಇಷ್ಟು ಜೋರೇಕೆ ಎಂದು ನಾನು ರೇಗುತ್ತಿದ್ದೆ.

ಒಂದು ಸೋಮವಾರ ನೇರಳೆ ಬಣ್ಣದ ಬೋಳು ಸೀರೆಯೊಂದನ್ನು ಶೆಟ್ಟರಿಗೆ ಒಯ್ದೆ. ಅವರಿಗೂ ವಯಸ್ಸಾಗಿತ್ತು, ಬೆರಳಿಗೆ ಆಗಿರಲಿಲ್ಲ. ಎರಡು ಸಲ ಎಳೆದು ನೋಡಿ, "ಗಾಜಂಗೆ ಅದೆ ಕಣವ್ವ. ಇಷ್ಟ್ ವರ್ಸದಲ್ಲಿ ಇಂಥದ ನೀನು ತಂದಿರ್ನಿಲ್ಲ. ಯಾರು ಸುತ್ತಿದ್ದು ಕಂಡಿಕೆಯ?" ಎಂದರು.

"ಅವ್ವನೇ ಸಾ."

"ಮುದ್ಕಿಗೆ ಈಗ ಬುದ್ಧಿ ಬಂತು ಬುಡು."

ಅಷ್ಟು ವರ್ಷಕ್ಕೆ ಅವರು ಹೊಗಳಿದ್ದು ಅದೊಂದೇ ಸಲ. ಹಿಗ್ಗಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದೆ. ಅಲ್ಲಿ ಕಾಲು ನಿಂತಿತು. ಆ ಸೀರೆಯನ್ನು ನಾನು ಎರಡು ಲಾಳಿಯಲ್ಲಿ ನೇಯ್ದಿರಲಿಲ್ಲ. ಸ್ವಲ್ಪ ದಿನಗಳಿಂದ ಅವ್ವನ ತನಿಯ ಬುಟ್ಟಿ ಖಾಲಿ ಬಿದ್ದಿತ್ತು, ಎಲ್ಲ ಕಂಡಿಕೆಯೂ ಒಂದೇ ಬುಟ್ಟಿಯಲ್ಲಿ ಇರುತ್ತಿದ್ದವು. ಕೈ ಹಗುರಾಯಿತೆಂದು ನಾನು ಯಾಕೆಂದೂ ಕೇಳದೆ ನೇಯ್ದಿದ್ದೆ.

ಮನೆಗೆ ಬಂದಾಗ ಪಕ್ಕದ ಪವರ್‌ಲೂಮು ನಿಂತಿತ್ತು. ಹಿತ್ತಲ ಬಾಗಿಲಲ್ಲಿ ರೇಡಿಯೋ ಸ್ಟೇಷನ್ನು ತಪ್ಪಿ ಬರೀ ಗೊರ್ರೆಂದು ಕಿರುಚುತ್ತಿತ್ತು. ಅವ್ವ ಅದರ ಮುಂದೆ ಕೂತು, ಆ ಮೋಟಾರಿನ ಹಾಗೆ ಒಂದೇ ಹದದಲ್ಲಿ ರಾಟೆ ತಿರುಗಿಸುತ್ತಿದ್ದಳು. ಮುಂದೆ ಹೋಗಿ ನಿಂತು ಕೇಳಿದೆ, "ಯಾವ ರಾಗವ್ವ ಇದು?"

ನನ್ನ ತುಟಿಯನ್ನೇ ನೋಡಿದಳು. "ಸುತ್ತೋವಾಗ ಮಾತಾಡುಸ್ಬೇಡ ಕಣೇ" ಎಂದು ಮುಖ ತಿರುಗಿಸಿದಳು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಯಸ್ಸು, ಅದರ ಜೊತೆ ಜೀವಮಾನವೆಲ್ಲ ಮಗ್ಗದ ಪಕ್ಕ ಕೂತದ್ದು ಎಂದರು ಡಾಕ್ಟರು. ಕಿವಿಯ ಮಿಷನ್ನು ಕೊಟ್ಟರು. ಅದನ್ನು ಹಾಕಿಕೊಂಡು ಬೆಳಗಿನ ಸಂಗೀತಕ್ಕೆ ಕೂತವಳು, ಸ್ವಲ್ಪ ಹೊತ್ತಿಗೇ ಕಿತ್ತು ನನ್ನ ಕೈಗಿಟ್ಟಳು. "ಪವರ್‌ಲೂಮ್ ಒಳಗೆ ಕೂತ್ಕಂಡು ಆಡ್ತಾವ್ನೆ" ಎಂದಳು. ಮಾತು ಕೇಳಲು ಅದು ಸಾಕಾಗುತ್ತಿತ್ತು, ಆದರೆ ಮಾತು ಅವಳಿಗೆ ಬೇಕಾಗಿರಲಿಲ್ಲ. ರಾಟೆ ಬಿಟ್ಟಳು. ಮುದ್ದೆ ಅರ್ಧಕ್ಕೆ ಬಿಟ್ಟು ಏಳತೊಡಗಿದಳು. ಬೆಳಿಗ್ಗೆ ರೇಡಿಯೋ ಹೊತ್ತಿಗೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಹೀಗೇ ಬಿಟ್ಟರೆ ಅವ್ವ ಎದ್ದು ಕೂರುವುದಿಲ್ಲವೆಂದು ನನಗೆ ಅನ್ನಿಸಿತು.

ಎಷ್ಟೋ ವರ್ಷ ಆ ರೇಡಿಯೋ ನಿಂತರೆ ಸಾಕೆಂದು ಬೇಡಿಕೊಂಡವಳು ನಾನು. ಈಗ ನಾನೇ ಅದರ ಮುಂದೆ ಕೂತು ಕೇಳಿ, ಅವಳಿಗೆ ಹೇಳಬೇಕಾಯಿತು. ಅವಳ ಕಿವಿಗೆ ಬಾಯಿಟ್ಟು ಕೂಗಬೇಕು. ಅಡುಗೆಮನೆಯಲ್ಲಿ ಪಿಸುಗುಡುವ ನನಗೆ ಕೂಗುವ ಶಿಕ್ಷೆ.

"ಏನ್ ಮಾಡ್ತಾವ್ನೆ ಏಳು."

"ಮೇಲಕ್ಕೋಯ್ತಾವ್ನೆ ಕಣವ್ವ."

"ಒಂದೇ ಸಲಕ್ಕಾ, ನಿಂತ್ ನಿಂತಾ?"

"ನಿಂತ್ ನಿಂತು. ಇನ್ನೂ ಮೇಲಕ್ಕೋದ. ಅಲ್ಲೇ ನಿಂತವ್ನೆ. ಈಗ ಇಳೀತಾವ್ನೆ."

ಹಿತ್ತಲ ಬೇಲಿಯಾಚೆಯಿಂದ ಪಕ್ಕದ ಮನೆಯ ಮಾದಮ್ಮ ಇಣುಕಿ, "ಯಾರಕ್ಕ ಅದು, ಮಾದಪ್ಪನ ಬೆಟ್ಟಕ್ಕೆ ನಡ್ಕಂಡ್ ಓಯ್ತಿರೋದು?" ಎಂದು ಕೇಳಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವ್ವನಿಗೆ ನನ್ನ ವರದಿ ಒಂದು ದಿನವೂ ಹಿಡಿಸಲಿಲ್ಲ. "ಅತ್ತಿದ, ಇಳ್ದ ಅಂದ್ರೆ ಎಂಗೆ? ಅತ್ತೋವಾಗ ಏನ್ ಮುಟ್ಕಂಡೋದ ಏಳು. ದನ ಕಾಯೋರಂಗೆ ಏಳ್ಬೇಡ" ಎಂದು ಬೈಯುವಳು. ನಾನು ಮಗ್ಗ ಬಿಟ್ಟು, ನೀರೊಲೆ ಬಿಟ್ಟು, ಅವನು ಏನು ಮುಟ್ಟಿಕೊಂಡು ಹೋದನೆಂದು ಕಿವಿಗೊಟ್ಟು ಕೂರುವುದು. ಹೇಳಿದರೆ ತಪ್ಪು, ಹೇಳದಿದ್ದರೆ ಮುನಿಸು. ಆದರೆ ಬೈಯಲಿಕ್ಕಾದರೂ ಎದ್ದು ಕೂರುತ್ತಿದ್ದಳು. ಮುದ್ದೆಯನ್ನೂ ಪೂರ್ತಿ ತಿನ್ನುತ್ತಿದ್ದಳು.

ಆ ವರ್ಷ ರಾಮೋತ್ಸವಕ್ಕೆ ನಮ್ಮ ರಾಮಮಂದಿರದಲ್ಲಿ ಕಚೇರಿಗಳನ್ನು ಇಟ್ಟಿದ್ದರು. ಅವ್ವ ಹೋಗಲೇಬೇಕೆಂದಳು. ಅದು ಮದುವೆಗಳ ಕಾಲ, ಶೆಟ್ಟರ ಸೀರೆಯೊಂದು ಮಗ್ಗದ ಮೇಲೆ ಸೆರಗಿಗೆ ಬಂದು ನಿಂತಿತ್ತು. ಮಾರನೆಯ ದಿನ ಒಪ್ಪಿಸದಿದ್ದರೆ ಬೈಗುಳ ಖಂಡಿತ.

"ನಿಂಗೆ ಕೇಳಲ್ಲ, ನಂಗೆ ತಿಳ್ಯಲ್ಲ. ಇಬ್ರೂ ಓಗಿ ಏನವ್ವ ಮಾಡದು?" ಎಂದು ಅವಳ ಕಿವಿಗೆ ಕೂಗಿದೆ.

"ನೀನ್ ಕೂತ್ಕೋ. ನಾನ್ ನಿನ್ ಪಕ್ಕ ಕೂತ್ಕತೀನಿ."

ಚಪ್ಪರದಡಿ ಜನ ತುಂಬಿದ್ದರು. ಸದ್ದಿಲ್ಲದೆ ಹಿಂದೆ ಕೂರೋಣವೆಂದರೆ, ಅವ್ವ ಜನರ ಭುಜ ಹಿಡಿದುಕೊಂಡು ಮುಂದಕ್ಕೇ ನಡೆದಳು. ಮೊದಲ ಸಾಲಿನ ಚಾಪೆಯಲ್ಲಿ ಜಾಗ ಮಾಡಿಸಿಕೊಂಡಳು. ಹಾಡುವವರು ನಡುವಯಸ್ಸಿನ ಗಂಡಸು. ಒಂದೆರಡು ಹಾಡಾದ ಮೇಲೆ ಕಣ್ಣು ಮುಚ್ಚಿ, ಮೃದಂಗ ನಿಲ್ಲಿಸಿ, ರಾಗ ಎತ್ತಿದರು. ಚಪ್ಪರದಲ್ಲಿ ಕೆಮ್ಮೂ ಕೇಳಲಿಲ್ಲ.

ಆಗ ಅವ್ವ, ಕಿವುಡರು ಮಾತಾಡುವ ದನಿಯಲ್ಲಿ, "ಯಾವ ರಾಗವೇ ರತ್ನಿ?" ಎಂದಳು.

ಎಲ್ಲರೂ ತಿರುಗಿ ನೋಡಿದರು. ನಾನು ಅವಳ ತೊಡೆ ಅದುಮಿ ಸುಮ್ಮನಿರು ಎಂದೆ. ಅವಳು ಅದನ್ನು ಉತ್ತರವೆಂದುಕೊಂಡು, "ಕೇಳುಸ್ನಿಲ್ಲ, ಜೋರಾಗೇಳು" ಎಂದಳು. ಹಾಡುತ್ತಿದ್ದವರು ಕಣ್ಣು ಬಿಟ್ಟು ನಿಲ್ಲಿಸಿದರು. ಪಿಟೀಲಿನವರು ಕಮಾನು ಎತ್ತಿದರು. ಮತ್ತೆ ಹಳ್ಳಿ ಶಾಲೆಯಲ್ಲಿ ನಿಂತ ಹಾಗಾಯಿತು. ಮೇಷ್ಟ್ರು ನಿಲ್ಲಿಸಿ ಪ್ರಶ್ನೆ ಕೇಳಿದ್ದಾರೆ, ಸ್ಲೇಟು ಮನೆಯಲ್ಲಿದೆ, ಉತ್ತರವೂ ಗೊತ್ತಿಲ್ಲ. ಅವಳ ಕಿವಿಗೆ ಬಾಯಿಟ್ಟು ಕೂಗಿದೆ, "ಗೊತ್ತಿಲ್ಲ ಕಣವ್ವ."

ಚಪ್ಪರ ನಕ್ಕಿತು. ಹಾಡುವವರೂ ನಕ್ಕರು, ಕೆಟ್ಟ ನಗುವಲ್ಲ. ಅವ್ವ ಮಾತ್ರ ನಗಲಿಲ್ಲ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಮೊದಲಿಗಿಂತ ಮೆಲ್ಲಗೆ, "ಗೊತ್ತಿಲ್ದಿದ್ರೆ ಬುಡು. ಸುಮ್ನೆ ಕೇಳು" ಎಂದಳು.

ಅವರು ಮತ್ತೆ ರಾಗ ಎತ್ತಿದರು. ನಾನು ಸುಮ್ಮನೆ ಕೇಳಿದೆ. ಮೇಲೆ ಹೋದರೋ ಕೆಳಗೆ ಬಂದರೋ ಯಾರಿಗೂ ಹೇಳಬೇಕಾಗಿರಲಿಲ್ಲ. ಏನು ಕೇಳಿದೆ ಎಂದು ನೀವು ಕೇಳಿದರೆ ಬರೆಯಲು ನನಗೆ ಬರುವುದಿಲ್ಲ. ನಿಮ್ಮ ತಾತ ಹೋದಾಗಲೂ ಜನರೆದುರು ಅಳದವಳು, ಮೊದಲ ಸಾಲಿನಲ್ಲಿ ಕೂತು ಸೆರಗು ಒದ್ದೆ ಮಾಡಿಕೊಂಡೆನೆಂದಷ್ಟೇ ಹೇಳಬಲ್ಲೆ. ಒಮ್ಮೆ ಪಕ್ಕಕ್ಕೆ ತಿರುಗಿದೆ. ಅವ್ವ ಹಾಡುವವರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಆಮೇಲೆ ತಿರುಗಿದಾಗಲೂ ಹಾಗೆಯೇ ನೋಡುತ್ತಿದ್ದಳು. ಅವಳ ಕೈ ನನ್ನ ಮೊಣಕಾಲಿನ ಮೇಲೆಯೇ ಇತ್ತು.

ಮಂಗಳ ಮುಗಿದು, ಪಾನಕ ಕುಡಿದು, ಮೆಲ್ಲಗೆ ಮನೆಯ ಕಡೆ ನಡೆದೆವು. ಆ ಕಚೇರಿಯ ಬಗ್ಗೆ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೀದಿಯ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಳು.

"ಚೆಂದಾಗಿ ಆಡ್ದ ಕಣೇ" ಎಂದಳು. "ಇಂಥದ ಕೇಳಿ ವರ್ಸಾಗಿತ್ತು."